ಬಸ್ಸು ಎಲ್ಲಿ ಬಂದದ?

ಬಗದಲ್‌ನಲ್ಲಿ ಬೆಳಿಗ್ಗೆ ಬಸ್ಸಿಗೆ ಕಾಯುವವರ ಬಾಯಲ್ಲಿ ಒಂದೇ ಪ್ರಶ್ನೆ: “ಬಸ್ಸು ಎಲ್ಲಿ ಬಂದದ?” ಬೀದರಿಗೆ ಓದಲು ಹೊರಟ ಹುಡುಗಿಯರೂ ಕೇಳುತ್ತಾರೆ, ಕಣ್ಣು ತೋರಿಸಲು ಹೊರಟ ನನ್ನಂಥ ಮುದುಕರೂ ಕೇಳುತ್ತಾರೆ. ಉತ್ತರ ಗೊತ್ತಿರುವುದು ಬಸ್ಸಿಗೆ ಮಾತ್ರ! ಆ ಉತ್ತರವನ್ನು ಬಸ್ಸಿನಿಂದಲೇ ಹೇಳಿಸುವ ವಿದ್ಯೆಯೊಂದಿದೆ ಮಕ್ಕಳೇ. ಅದಕ್ಕೆ ‘ಬುದ್ಧಿವಂತ ಸಾರಿಗೆ ವ್ಯವಸ್ಥೆ’ ಎಂದು ಹೆಸರು.

ಇದು ಪರದೇಶದ ಮಾತಲ್ಲ. ನಗರದ ಬಸ್ಸುಗಳಿಗೆ ಇಂಥ ವ್ಯವಸ್ಥೆಯನ್ನು ನಮ್ಮ ದೇಶದಲ್ಲಿ ಮೊದಮೊದಲು ತಂದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. 2012ರಲ್ಲಿ ಅಲ್ಲಿ ಶುರುವಾದ ಯೋಜನೆಗೆ ‘ಮಿತ್ರ’ ಎಂಬ ಚೆಂದದ ಹೆಸರಿತ್ತು. ವಿಶ್ವಬ್ಯಾಂಕಿನ ನೆರವೂ ಇತ್ತು. ಸುಮಾರು 500 ಬಸ್ಸುಗಳಿಗೆ ಪೆಟ್ಟಿಗೆಯಂಥ ಉಪಕರಣ ಕೂರಿಸಿದರು. ನೂರಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ದೀಪದ ಅಕ್ಷರದ ಫಲಕ ಹಾಕಿದರು. ಯಾವ ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆ ಎಂದು ಕಾಯುವವರು ಅಲ್ಲೇ ಓದಬಹುದಿತ್ತು.

“ಮುತ್ಯಾ, ಪೆಟ್ಟಿಗೆಗೆ ಹ್ಯಾಂಗ ಗೊತ್ತಾಗ್ತದ?” ಎಂದು ನನ್ನ ಮೊಮ್ಮಗಳು ಕೇಳಿದಳು. ಆಕಾಶದಲ್ಲಿ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಜಿಪಿಎಸ್ ಉಪಗ್ರಹಗಳು ಸುತ್ತುತ್ತಿವೆ. ಪ್ರತಿಯೊಂದೂ “ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು” ಎಂದು ಸದಾ ಸಾರುತ್ತಿರುತ್ತದೆ. ಆ ಸಂಕೇತ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಹೊರಟರೂ ನಮ್ಮನ್ನು ಮುಟ್ಟಲು ಒಂದು ಸೆಕೆಂಡಿನ ಹದಿನೈದನೇ ಒಂದು ಭಾಗ ಬೇಕು. (ಭಾಗಾಕಾರ ಮಾಡಿ ನೋಡಿ.) ಯಾವ ಉಪಗ್ರಹದ ಮಾತು ಎಷ್ಟು ತಡವಾಗಿ ಬಂತು ಎಂಬುದರಿಂದ ಅದು ಎಷ್ಟು ದೂರ ಎಂದು ತಿಳಿಯುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ಬಸ್ಸು ಯಾವ ಜಾಗದಲ್ಲಿದೆ ಎಂದು ಪೆಟ್ಟಿಗೆ ಲೆಕ್ಕ ಹಾಕುತ್ತದೆ. ಆಮೇಲೆ ನಿಮ್ಮ ಮೊಬೈಲಿನಲ್ಲಿರುವಂಥದೇ ಒಂದು ಸಿಮ್ ಮೂಲಕ ಆ ಸುದ್ದಿಯನ್ನು ನಿಯಂತ್ರಣ ಕೊಠಡಿಗೆ ಕಳಿಸುತ್ತದೆ.

ಇನ್ನು ನಿಮಿಷದ ಲೆಕ್ಕ. ಬಸ್ಸು 6 ಕಿಲೋಮೀಟರ್ ದೂರದಲ್ಲಿದೆ, ಗಂಟೆಗೆ 24 ಕಿಲೋಮೀಟರ್ ವೇಗ ಅಂದರೆ 15 ನಿಮಿಷ. ಐದನೇ ತರಗತಿಯ ಗಣಿತ. ಆದರೆ ಸಂತೆಯ ದಿನ? ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಅಡ್ಡ ಬಂದಾಗ? ಇದೇ ದಾರಿಯಲ್ಲಿ, ಇದೇ ಹೊತ್ತಿಗೆ, ಹಿಂದೆ ಎಷ್ಟು ಹೊತ್ತು ಹಿಡಿದಿತ್ತು ಎಂಬುದನ್ನೂ ಕಂಪ್ಯೂಟರು ನೆನಪಿಟ್ಟುಕೊಂಡು ಲೆಕ್ಕ ತಿದ್ದಬೇಕು. ಹಳೆಯ ಕಂಡಕ್ಟರುಗಳು ಇದನ್ನು ತಲೆಯಲ್ಲೇ ಮಾಡುತ್ತಿದ್ದರು.

ಬೀದರಿನ ಹಳೇ ಊರಿನ ನಡುವೆ, ದಾರಿಗಳು ಕೂಡುವಲ್ಲಿ, ಸುಮಾರು 71 ಅಡಿ ಎತ್ತರದ ಚೌಬಾರಾ ನಿಂತಿದೆಯಲ್ಲ, ಅದು ಹಿಂದೆ ಕಾವಲು ಗೋಪುರ. ಮೇಲೆ ನಿಂತವನಿಗೆ ನಾಲ್ಕೂ ದಿಕ್ಕು ಕಾಣುತ್ತಿತ್ತು. ಇಂದಿನ ನಿಯಂತ್ರಣ ಕೊಠಡಿ ಎಂದರೆ ನನ್ನ ಲೆಕ್ಕದಲ್ಲಿ ಪರದೆಗಳಿರುವ ಚೌಬಾರಾ. ಬಸ್ಸುಗಳಷ್ಟೇ ಅಲ್ಲ, ಸಿಗ್ನಲ್ ದೀಪಗಳೂ ಅಲ್ಲಿಗೆ ಕಾಣಬೇಕು. ಪ್ರಪಂಚದ ಮೊದಲ ಸಿಗ್ನಲ್ ದೀಪವನ್ನು 1868ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಹತ್ತಿರ ಹಚ್ಚಿದ್ದರು. ಗ್ಯಾಸ್ ದೀಪ ಅದು, ಪೊಲೀಸಪ್ಪ ಕೈಯಿಂದಲೇ ತಿರುಗಿಸಬೇಕಿತ್ತು; ತಿಂಗಳೊಪ್ಪತ್ತಿನಲ್ಲೇ ಢಮಾರ್ ಎಂದು ಸಿಡಿಯಿತು. ಈಗಿನ ಬೆಂಗಳೂರಿನ ಕೆಲವು ಸಿಗ್ನಲ್‌ಗಳು ಕ್ಯಾಮೆರಾದಲ್ಲಿ ವಾಹನಗಳ ಸಾಲನ್ನು ನೋಡಿ, ಉದ್ದ ಸಾಲಿರುವ ಕಡೆ ಹಸಿರು ದೀಪವನ್ನು ಹೆಚ್ಚು ಹೊತ್ತು ಉಳಿಸುತ್ತವೆ.

ಯಂತ್ರ ಕೊಳ್ಳುವುದು ಕೊನೆಯ ಕೆಲಸ. ಮೊದಲು ಯೋಜನೆ ಬೇಕು. ಯಾರು, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ಹೋಗುತ್ತಾರೆ? ವಾಹನಗಳು ಎಲ್ಲಿ ಸಿಕ್ಕಿಕೊಳ್ಳುತ್ತವೆ? ಬಸ್ಸಿನವರ ಸುದ್ದಿ ಪೊಲೀಸರಿಗೂ, ಪೊಲೀಸರ ಸುದ್ದಿ ಆಂಬುಲೆನ್ಸಿಗೂ ತಲುಪುತ್ತದೆಯೇ? ಬೆಂಗಳೂರು ಮತ್ತು ಮೈಸೂರಿಗೆ ಜಪಾನಿನ ಜೈಕಾ ಸಂಸ್ಥೆ ಇಂಥ ದೊಡ್ಡ ಯೋಜನೆಯನ್ನೇ ಬರೆದುಕೊಟ್ಟಿದೆ. ರಿಪೇರಿಗೆ ಹಣ ತೆಗೆದಿಡುವುದೂ ಯೋಜನೆಯೇ. ಕೆಟ್ಟು ನಿಂತು ಸುಳ್ಳು ಹೇಳುವ ಫಲಕಕ್ಕಿಂತ ಫಲಕ ಇಲ್ಲದಿರುವುದೇ ವಾಸಿ.

ಟಿಕೆಟ್ ಯಂತ್ರವೂ ಈ ಯೋಜನೆಗೆ ಕಣ್ಣಿದ್ದಂತೆ. 2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತಲ್ಲ, ಆಗ ನಮ್ಮ ಮನೆಯಾಕೆ ಕೇಳಿದ್ದಳು: “ರೊಕ್ಕಾನೇ ಇಲ್ಲಂದ ಮ್ಯಾಲೆ ಚೀಟಿ ಯಾಕ್ರೀ?” ಆ ಶೂನ್ಯ ಟಿಕೆಟಿನಲ್ಲಿ ಎಲ್ಲಿ ಹತ್ತಿದರು, ಎಲ್ಲಿ ಇಳಿಯುತ್ತಾರೆ ಎಂಬುದು ದಾಖಲಾಗುತ್ತದೆ. ಚೀಟಿ ಪಡೆಯದಿದ್ದರೆ ಆ ಪ್ರಯಾಣ ಲೆಕ್ಕಕ್ಕೇ ಬರುವುದಿಲ್ಲ. ಲೆಕ್ಕದಲ್ಲಿ ಇಲ್ಲದವರಿಗಾಗಿ ಇನ್ನೊಂದು ಬಸ್ಸು ಬೇಕೆಂದು ಯಾರು ಹೇಳುತ್ತಾರೆ? ಈಗ ಆಕೆ ತಪ್ಪದೆ ಕೇಳಿ ಪಡೆಯುತ್ತಾಳೆ.

ನಮ್ಮ ಸಂವಿಧಾನದ ಪ್ರಕಾರ 10 ಲಕ್ಷ ಜನರಿದ್ದರೆ ಮಹಾನಗರ ಪ್ರದೇಶ. 2011ರ ಜನಗಣತಿಯಲ್ಲಿ ಬೀದರಿನ ಜನ ಎರಡು ಲಕ್ಷಕ್ಕೆ ತುಸು ಹೆಚ್ಚು. ಅಷ್ಟು ಸಣ್ಣ ಊರಿಗೆ, ಅದರ ಸುತ್ತಲಿನ ಹಳ್ಳಿಗಳಿಗೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ನನಗೆ ತಿರುಗುಮುರುಗಾಗಿ ಕಾಣುತ್ತದೆ. ಬೆಂಗಳೂರಿನ ದೊಡ್ಡ ರಸ್ತೆಯಲ್ಲಿ ಒಂದು ಬಸ್ಸು ತಪ್ಪಿದರೆ ಹಿಂದೆಯೇ ಇನ್ನೊಂದು ಬರುತ್ತದೆ. ಔರಾದ್ ಕಡೆಯ, ಭಾಲ್ಕಿ ಕಡೆಯ ಹಳ್ಳಿಯಲ್ಲಿ ಒಂದು ಬಸ್ಸು ತಪ್ಪಿತೆಂದರೆ ಆ ದಿನದ ಶಾಲೆಯೇ ತಪ್ಪಬಹುದು. ಪರೀಕ್ಷೆಯ ದಿನವಾದರೆ ಹೇಳುವುದೇ ಬೇಡ. ಸಂಜೆ ಕತ್ತಲಾದರೂ ಬಸ್ಸು ಬಾರದಿದ್ದರೆ “ಕಲಿತದ್ದು ಸಾಕು, ಮನೆಯಾಗಿರು” ಎನ್ನುವ ಮಾತು ಹುಡುಗಿಯರ ಕಿವಿಗೇ ಬೀಳುತ್ತದೆ. ಬಸ್ಸು ಇಂಥ ಕಡೆ ಬಂದಿದೆ, ಇಪ್ಪತ್ತು ನಿಮಿಷ ತಡ ಎಂದು ಮನೆಯವರಿಗೂ ತಿಳಿದರೆ ಆ ಮಾತಿನ ಬಲ ಕುಗ್ಗುತ್ತದೆ. ಸುದ್ದಿಯ ಬೆಲೆ ಬಸ್ಸು ಕಡಿಮೆ ಇರುವಲ್ಲೇ ಜಾಸ್ತಿ. ಬರೀ ಮೊಬೈಲಿನಲ್ಲಿ ಕೊಟ್ಟರೆ ಸಾಲದು. ದಪ್ಪ ಕನ್ನಡ ಅಕ್ಷರದ ಫಲಕ ಬೇಕು, ಕಣ್ಣು ಮಂಜಾದವರಿಗೆ ಕೂಗಿ ಹೇಳುವ ಧ್ವನಿಯೂ ಬೇಕು.

ಯೋಜನೆ ಬರೆಯುವವರು ಬರುವವರೆಗೆ ಮಕ್ಕಳು ಒಂದು ಕೆಲಸ ಮಾಡಬಹುದು. ನೋಟುಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ: ಬಸ್ಸು ಬರಬೇಕಾದ ಹೊತ್ತು, ಬಂದ ಹೊತ್ತು, ಹತ್ತಿದವರು, ಜಾಗವಿಲ್ಲದೆ ಉಳಿದವರು. ಹೊತ್ತು ಬರೆಯಲು ಅಜ್ಜನ ಕೈಗಡಿಯಾರ ಸಾಕು. ಒಂದು ತಿಂಗಳು ಬರೆದು, ಗುರುಗಳ ಸಹಿ ಹಾಕಿಸಿ, ಡಿಪೊಗೊಂದು ಪ್ರತಿ, ಗ್ರಾಮ ಪಂಚಾಯಿತಿಗೊಂದು ಪ್ರತಿ ಕೊಡಿ. ಶನಿವಾರವನ್ನು ಮಾತ್ರ ಬಿಡಬೇಡಿ. ಅಂದು ಅರ್ಧ ದಿನ ಶಾಲೆ, ನೀವು ಮನೆಗೆ ಮರಳುವ ಹೊತ್ತೇ ಬೇರೆ.