ಕೇದಿಗೆಯ ಕುಲದ ಕೆಂಪು ಹಣ್ಣು

ಕೇದಿಗೆಯನ್ನು ನಮ್ಮವರು ಹೂವಿಗಾಗಿ ಬಲ್ಲರು. ಕರಾವಳಿಯಲ್ಲಿ ಅದೇ ಜಾತಿಯ ಗಿಡಗಳ ಓಲೆಯಿಂದ ಚಾಪೆ ಹೆಣೆಯುವುದೂ ಉಂಟು. ಈ ಕುಲಕ್ಕೇ ಸೇರಿದ ಗಿಡವೊಂದು ನ್ಯೂಗಿನಿ ದ್ವೀಪದ ಮಳೆಕಾಡಿನ ಜನರಿಗೆ ಹಣ್ಣು ಕೊಡುತ್ತದೆ. ಪಪುವಾ ನ್ಯೂಗಿನಿಯವರು ಇದನ್ನು 'ಮರಿತ' ಎನ್ನುತ್ತಾರೆ.

ಕೇದಿಗೆಯಂತೆ ಇದಕ್ಕೂ ಊರುಗೋಲಿನಂತಹ ಬಿಳಲು, ಉದ್ದನೆಯ ಎಲೆ. ಹಣ್ಣು ಸಾಮಾನ್ಯವಾಗಿ ಒಂದರಿಂದ ಎರಡು ಮೊಳ ಉದ್ದ, ಕಡುಗೆಂಪು ಬಣ್ಣ; ಹಳದಿ ತಳಿಗಳೂ ಇವೆ. ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದವರೆಗೆ ಬೆಳೆಯುತ್ತದೆ. ಒಳ್ಳೆಯ ಗಿಡದ ಕವಲು ಅಥವಾ ಕಂದನ್ನು ನೆಡುವುದರಿಂದ ತಳಿಯ ಗುಣ ಕೆಡುವುದಿಲ್ಲ.

ಹಣ್ಣನ್ನು ಸೀಳಿ, ಒಳಗಿನ ದಿಂಡು ತೆಗೆದು, ಕಾದ ಕಲ್ಲುಗಳ ಕುಳಿಯಲ್ಲಿ ಬೇಯಿಸುತ್ತಾರೆ. ನೀರು ಬೆರೆಸಿ ಹಿಸುಕಿ, ಬೀಜ ಸೋಸಿದರೆ ಜಿಡ್ಡುಳ್ಳ ಕೆಂಪು ಗೊಜ್ಜು ಸಿದ್ಧ. ಅದನ್ನು ಗೆಣಸು, ಸೊಪ್ಪಿನ ಜೊತೆ ಉಣ್ಣುತ್ತಾರೆ. ಗೆಣಸನ್ನೇ ನಂಬಿದ ನಾಡಿನಲ್ಲಿ ಈ ಜಿಡ್ಡಿಗೆ ಬೆಲೆ ಹೆಚ್ಚು. 'ಎ' ಅನ್ನಾಂಗವಾಗಿ ಮಾರ್ಪಡುವ ಕೆರೋಟಿನ್ ಕೂಡ ಇದರಲ್ಲಿ ಹೇರಳ.

ದ್ವೀಪದ ಪಶ್ಚಿಮಾರ್ಧ ಇಂಡೊನೇಷ್ಯಾಕ್ಕೆ ಸೇರಿದ್ದು. 2000ರ ದಶಕದಲ್ಲಿ ಅಲ್ಲಿ ಇದರ ಎಣ್ಣೆ ಕ್ಯಾನ್ಸರನ್ನೂ ಏಡ್ಸನ್ನೂ ಗುಣಪಡಿಸುತ್ತದೆಂದು ಪ್ರಚಾರವಾಗಿ, ದುಬಾರಿ ಬೆಲೆಗೆ ಮಾರಾಟವಾಯಿತು. ರೋಗ ವಾಸಿಯಾಗುತ್ತದೆ ಎಂಬುದಕ್ಕೆ ಸರಿಯಾದ ಪುರಾವೆ ಇಲ್ಲ. ಒಳ್ಳೆಯ ಆಹಾರವೆಲ್ಲ ಮದ್ದಾದೀತೇ? ಆಸ್ಪತ್ರೆಯ ಮಾತ್ರೆ ಬಿಟ್ಟು ಇಂಥ ಎಣ್ಣೆ ಕುಡಿದವರಿಗೆ ಹಣಕ್ಕಿಂತ ದೊಡ್ಡ ನಷ್ಟ.

ಗಿಡ ತರಿಸುವ ಆಸೆಯುಳ್ಳ ರೈತ ಬಾಂಧವರು ಇದನ್ನೂ ಗಮನಿಸಬೇಕು. 2003ರ ಸಸ್ಯ ಸಂಗರೋಧ ಆದೇಶದಂತೆ ಹೊರದೇಶದ ಕಂದು, ಕವಲುಗಳನ್ನು ಪರವಾನಗಿಯಿಲ್ಲದೆ ತರುವಂತಿಲ್ಲ. ಅವುಗಳ ಜೊತೆ ಹೊಸ ಕೀಟ, ರೋಗಗಳು ನಮ್ಮ ತೋಟಕ್ಕೆ ಬರಬಹುದು. 'ವಿದೇಶಿ ಕೆಂಪು ಹಣ್ಣಿನ ಸಸಿ' ಎಂದು ಮಾರುವವರು ಬಂದರೆ ಪರವಾನಗಿ ಪತ್ರ ಕೇಳಿ ನೋಡಿ.