ಲಾಳದೇಡಿಗೆ ಕಾನೂನಿನ ಕಾವಲು

ಕುದುರೆಯ ಲಾಳವನ್ನು ಹೋಲುವ ಗಟ್ಟಿ ಚಿಪ್ಪು, ಸೂಜಿಯಂತೆ ಚಾಚಿದ ಬಾಲ, ನೀಲವರ್ಣದ ರಕ್ತ - ಇವು ಲಾಳದೇಡಿಯ ಲಕ್ಷಣಗಳು. ಹೆಸರಿಗೆ ಏಡಿಯಾದರೂ ಇದು ಚೇಳು, ಜೇಡಗಳ ಬಂಧು. ಸುಮಾರು 44 ಕೋಟಿ ವರ್ಷಗಳಿಂದ ಬಾಳಿಬಂದ ಈ ವಂಶದಲ್ಲಿ ಇಂದು ಉಳಿದಿರುವುದು ನಾಲ್ಕೇ ಪ್ರಭೇದಗಳು. ಡೈನೋಸಾರ್‌ಗಳು ಅಳಿದ ಕಾಲವನ್ನೂ ದಾಟಿಬಂದ ಈ ಜೀವಿಗೆ ಮನುಷ್ಯನ ಕಾನೂನಿನ ಆಸರೆ ಏಕೆ ಬೇಕಾಯಿತು? ಇದಕ್ಕೆ ಅಮೆರಿಕದ ಡೆಲಾವೇರ್ ಕೊಲ್ಲಿಯ ಇತಿಹಾಸವೇ ಉತ್ತರ.

ಅಲ್ಲಿ ಮೇ, ಜೂನ್ ತಿಂಗಳ ಹುಣ್ಣಿಮೆ, ಅಮಾವಾಸ್ಯೆಗಳ ಉಬ್ಬರದಲ್ಲಿ ಲಾಳದೇಡಿಗಳು ಮೊಟ್ಟೆಯಿಡಲು ದಂಡೆಗೆ ಬರುತ್ತವೆ. ಆಗ ಅವನ್ನು ಹಿಡಿಯಲು ದೋಣಿಯಾಗಲಿ ಬಲೆಯಾಗಲಿ ಬೇಕಿಲ್ಲ, ಕೈಯಿಂದಲೇ ಹೆಕ್ಕಬಹುದು. 19ನೆಯ ಶತಮಾನದಲ್ಲಿ ಇವನ್ನು ಲಕ್ಷಗಟ್ಟಲೆ ಒಣಗಿಸಿ, ಪುಡಿಮಾಡಿ ಹೊಲಗಳಿಗೆ ಗೊಬ್ಬರವಾಗಿ ಹಾಕಿದರು. 1990ರ ದಶಕದಲ್ಲಿ ಹಾವುಮೀನು ಮತ್ತು ಶಂಖದ ಹುಳುಗಳನ್ನು ಹಿಡಿಯುವ ಬೋನುಗಳಿಗೆ ಎರೆಯಾಗಿ ಇವುಗಳ ಬೇಡಿಕೆ ಏರಿತು. ದಶಕದ ಕೊನೆಗೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಲಾಳದೇಡಿಗಳು ಎರೆಯಾದವು. ಅದರಲ್ಲಿಯೂ ಮೊಟ್ಟೆ ತುಂಬಿದ ಹೆಣ್ಣಿಗೇ ಬೆಲೆ ಹೆಚ್ಚು. ಹೆಣ್ಣೊಂದು ಪ್ರಾಯಕ್ಕೆ ಬರಲು ಸುಮಾರು ಹತ್ತು ವರ್ಷ ಬೇಕು. ಆದುದರಿಂದ ಕೆಲವೇ ವರ್ಷಗಳ ಅತಿಯಾಸೆಯಿಂದಾದ ನಷ್ಟವು ಬೇಗನೆ ತುಂಬಿಬರುವಂಥದ್ದಲ್ಲ.

ಈ ಹಾನಿಯನ್ನು ಸಾರಿ ಹೇಳಿದ್ದು ಒಂದು ಹಕ್ಕಿ. ರೆಡ್ ನಾಟ್ ಎಂಬ ಪುಟ್ಟ ಹಕ್ಕಿಯು ದಕ್ಷಿಣ ಅಮೆರಿಕದ ತುದಿಯಿಂದ ಉತ್ತರಧ್ರುವ ಪ್ರದೇಶಕ್ಕೆ ಹಾರುವಾಗ ಈ ಕೊಲ್ಲಿಯಲ್ಲಿ ತಂಗಿ, ಲಾಳದೇಡಿಯ ಮೊಟ್ಟೆಗಳನ್ನು ತಿಂದು ತನ್ನ ತೂಕವನ್ನು ಬಹುಮಟ್ಟಿಗೆ ಇಮ್ಮಡಿಗೊಳಿಸಿಕೊಳ್ಳುತ್ತದೆ. ಮೊಟ್ಟೆಗಳು ಕಡಿಮೆಯಾದಂತೆ ಹಕ್ಕಿಗಳ ಸಂಖ್ಯೆಯೂ ಕುಸಿಯಿತು.

1998ರಲ್ಲಿ ಅಟ್ಲಾಂಟಿಕ್ ತೀರದ ರಾಜ್ಯಗಳ ಮೀನುಗಾರಿಕಾ ಆಯೋಗವು ಲಾಳದೇಡಿಗಾಗಿ ನಿರ್ವಹಣಾ ಯೋಜನೆಯನ್ನು ರೂಪಿಸಿತು. ಮುಂದೆ ರಾಜ್ಯಗಳಿಗೆ ಹಿಡುವಳಿಯ ಮಿತಿಗಳು ಗೊತ್ತಾದವು. 2001ರಲ್ಲಿ ಕೊಲ್ಲಿಯ ಮುಂದಿನ ಕಡಲಿನಲ್ಲಿ ರಕ್ಷಿತ ವಲಯವೊಂದು ಘೋಷಿತವಾಯಿತು. ನ್ಯೂಜೆರ್ಸಿ ರಾಜ್ಯವು 2008ರಲ್ಲಿ ಎರೆಗಾಗಿ ಹಿಡಿಯುವುದನ್ನು ಕಾನೂನಿನಿಂದ ನಿಷೇಧಿಸಿತು. 2013ರಿಂದ ಡೆಲಾವೇರ್ ಕೊಲ್ಲಿಯಲ್ಲಿ ಹುಟ್ಟಿದ ಹೆಣ್ಣು ಲಾಳದೇಡಿಗಳನ್ನು ಎರೆಗಾಗಿ ಹಿಡಿಯಲು ಆಯೋಗವು ಅವಕಾಶ ನೀಡಿಲ್ಲ.

ಆದರೆ ಔಷಧೋದ್ಯಮಕ್ಕೆ ಈ ನಿರ್ಬಂಧಗಳು ಅನ್ವಯಿಸಲಿಲ್ಲ. ಚುಚ್ಚುಮದ್ದುಗಳಲ್ಲಿ ಬ್ಯಾಕ್ಟೀರಿಯಾಗಳ ವಿಷಾಂಶವಿದೆಯೇ ಎಂದು ಪರೀಕ್ಷಿಸಲು ಈ ನೀಲಿ ರಕ್ತ ಬೇಕು. ರಕ್ತ ತೆಗೆದ ಬಳಿಕ ಕಡಲಿಗೆ ಬಿಟ್ಟರೂ ಸುಮಾರು ಶೇಕಡಾ 15ರಷ್ಟು ಸಾಯುತ್ತವೆಂದು ಆಯೋಗದ ಅಂದಾಜು. ಸಿಂಗಾಪುರದ ವಿಜ್ಞಾನಿಗಳು 1990ರ ದಶಕದಲ್ಲಿಯೇ ರಕ್ತಕ್ಕೆ ಬದಲಾಗಿ ಕೃತಕ ವಸ್ತುವಿಗೆ ದಾರಿ ತೋರಿದ್ದರೂ ಅದರ ಬಳಕೆ ಬಹಳ ನಿಧಾನವಾಗಿ ಹೆಚ್ಚುತ್ತಿದೆ.

ಭಾರತದ ಒಡಿಶಾ, ಪಶ್ಚಿಮ ಬಂಗಾಳದ ತೀರಗಳಲ್ಲಿ ಎರಡು ಪ್ರಭೇದಗಳಿವೆ. 2009ರಲ್ಲಿ ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟವು. ಆದರೆ ಮೀನಿನ ಬಲೆಗೆ ತಾನಾಗಿ ಸಿಕ್ಕಿದ ಲಾಳದೇಡಿಯನ್ನು ಜೀವಂತವಾಗಿ ಕಡಲಿಗೆ ಬಿಡಬೇಕಾದವನು ಬೆಸ್ತನೇ, ಅಲ್ಲಿ ಕಾವಲುಗಾರನಿರುವುದಿಲ್ಲ.

ಕೇರಳದಲ್ಲಿ 1988ರಿಂದ ನಡೆದುಬಂದಿರುವ ಮಳೆಗಾಲದ ಟ್ರಾಲಿಂಗ್ ನಿಷೇಧದ ಉದ್ದೇಶವನ್ನು ಕಾಸರಗೋಡಿನ ನಮ್ಮ ಮಕ್ಕಳು ಬಲ್ಲರು: ಮೊಟ್ಟೆಯಿಡುವ ಹೊತ್ತಿನಲ್ಲಿ ಕಡಲಿಗೆ ಬಿಡುವು ಕೊಡುವುದು. ಲಾಳದೇಡಿಗೂ ಬೇಕಾದುದು ಅದೇ ಬಿಡುವು. ಹತ್ತು ವರ್ಷಕ್ಕೆ ಪ್ರಾಯವಾಗುವ ಜೀವಿಯ ವಿಷಯದಲ್ಲಿ, ಇಂದಿನ ಸಂಯಮದ ಫಲವನ್ನು ಕಾಣುವವರು ಈಗ ಶಾಲೆಯ ಬೆಂಚುಗಳಲ್ಲಿ ಕುಳಿತಿರುವ ಮಕ್ಕಳು.