ರೊಟ್ಟಿ ಸುಡುವ ಸುಖ

ಆಷಾಢದ ಮಳೆ ಹಿಡಿದ ಸಂಜೆ ಸಕಲೇಶಪುರ, ಆಲೂರಿನ ಕಡೆಯ ಮನೆಗಳಲ್ಲಿ ಎಲ್ಲರೂ ಬಂದು ಸೇರುವುದು ಒಲೆಯ ಮುಂದೆ. ಹೊರಗೆ ಹೇಮಾವತಿ ಕೆಂಪಾಗಿ ಹರಿಯುತ್ತಿರುತ್ತದೆ. ಗದ್ದೆಗೆ ಹೋದವರು ಕಂಬಳಿಯ ಕೊಪ್ಪೆ ಕೊಡವಿ ಒಳಗೆ ಬರುತ್ತಾರೆ. ಆ ಹೊತ್ತಿಗೆ ಮನಸ್ಸು ಬಯಸುವುದು ಕೆಂಡದ ಮೇಲೆ ಉಬ್ಬಿದ ಒಂದು ಅಕ್ಕಿರೊಟ್ಟಿಯನ್ನು. ಜೊತೆಗೆ ಕಾಯಿಚಟ್ನಿಯೋ ಕಳಲೆಯ ಪಲ್ಯವೋ ಇದ್ದರೆ ಮತ್ತೇನೂ ಬೇಡ.

ಮನೆಯಲ್ಲಿ ಹಿಟ್ಟು ಕಲಸಿ ಸುಟ್ಟು ತಿನ್ನುವ ಮಾತು ಬಂದರೆ ಈಗ ಹಲವರಿಗೆ ಕೇಕು, ಬಿಸ್ಕತ್ತುಗಳ ನೆನಪಾಗುತ್ತದೆ. ಅದು ಪರದೇಶದ ವಿದ್ಯೆಯೆಂದು ಭಾವಿಸುವವರೂ ಉಂಟು. ಆದರೆ ಕನ್ನಡಿಗರಿಗೆ ಈ ವಿದ್ಯೆ ಹೊಸತಲ್ಲ. 11ನೆಯ ಶತಮಾನದ ಚಾವುಂಡರಾಯನು ತನ್ನ 'ಲೋಕೋಪಕಾರ'ದಲ್ಲಿ ಅಡಿಗೆಗೂ ಸ್ಥಳ ಕೊಟ್ಟಿದ್ದಾನೆ. 16ನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಪದ್ಯಗ್ರಂಥವನ್ನೇ ಬರೆದು, ಹಿಟ್ಟಿನ ಪಾಕಗಳನ್ನು ವಿವರಿಸಿದ್ದಾನೆ. ಅವನು ಹೇಳುವ ಮುಚ್ಚಳರೊಟ್ಟಿಯನ್ನು ಮೇಲೂ ಕೆಳಗೂ ಕೆಂಡವಿರಿಸಿ ಸುಡಬೇಕು. ಇಂದಿನ ವಿದ್ಯುತ್ ಒಲೆಯ ಪೆಟ್ಟಿಗೆ ಮಾಡುವುದೂ ಇದನ್ನೇ ಅಲ್ಲವೆ?

ನಮ್ಮ ಉಬ್ಬುರೊಟ್ಟಿ ಅದಕ್ಕಿಂತ ಸರಳ. ಆದರೆ ಅದರ ಹದ ಸುಲಭವಲ್ಲ. ಗೋಧಿಯ ಹಿಟ್ಟಿನಲ್ಲಿ ಅಂಟುಗುಣವುಳ್ಳ ಸತ್ತ್ವವಿದೆ. ತಣ್ಣೀರು ಹಾಕಿ ನಾದಿದರೂ ಅದು ಕೂಡಿಕೊಳ್ಳುತ್ತದೆ. ಅಕ್ಕಿಯ ಹಿಟ್ಟಿಗೆ ಆ ಗುಣವಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಲಟ್ಟಿಸುವಾಗ ಅಂಚೆಲ್ಲ ಒಡೆಯುತ್ತದೆ. ಆದುದರಿಂದಲೇ ನಮ್ಮ ಹಿರಿಯರು ಹಿಟ್ಟನ್ನು ಉಕ್ಕರಿಸುವ ಉಪಾಯವನ್ನು ಕಂಡುಕೊಂಡರು. ಒಂದು ಪಾವು ಹಿಟ್ಟಿಗೆ ಹೆಚ್ಚುಕಡಮೆ ಒಂದು ಪಾವು ನೀರು. ಅದಕ್ಕೆ ಉಪ್ಪು ಹಾಕಿ ಕುದಿಸಿ, ಕುದಿಯುವ ನೀರಿಗೆ ಹಿಟ್ಟು ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿ ಕೂಡಿಸುತ್ತಾರೆ. ಸುಮಾರು 70 ಡಿಗ್ರಿ ಉಷ್ಣದಲ್ಲಿ ಅಕ್ಕಿಯ ಪಿಷ್ಟದ ಕಣಗಳು ನೀರು ಕುಡಿದು ಊದಿಕೊಂಡು ಒಂದಕ್ಕೊಂದು ಅಂಟುತ್ತವೆ. ಉಳಿದ ಅನ್ನವನ್ನು ಹಿಸುಕಿ ಸೇರಿಸುವುದರ ಮರ್ಮವೂ ಇದೇ. ಅನ್ನವೆಂದರೆ ಆಗಲೇ ಬೆಂದು ಊದಿದ ಪಿಷ್ಟವಷ್ಟೆ.

ಹೀಗೆ ಬೆಂದ ಹಿಟ್ಟನ್ನು ಕೈಗೆ ತಾಳುವಷ್ಟು ಬಿಸಿಯಿರುವಾಗಲೇ ನಾದಿ, ಉಂಡೆ ಕಟ್ಟಿ, ಲಟ್ಟಿಸಿ, ಕಾವಲಿಯ ಮೇಲೆ ಹಾಕಬೇಕು. ಒಂದು ಮೈ ತುಸು ಆರಿದೊಡನೆ ಮಗುಚಬೇಕು. ಎರಡನೆಯ ಮೈಯೂ ಬಿಗಿದ ಮೇಲೆ ತೆಗೆದು, ಒಲೆಯ ಬಾಯಿಗೆ ಎಳೆದಿಟ್ಟ ಕೆಂಡಕ್ಕೆ ಒಡ್ಡಬೇಕು. ಆಗ ರೊಟ್ಟಿ ಉಸಿರು ತುಂಬಿಕೊಂಡಂತೆ ಎದ್ದು ನಿಲ್ಲುತ್ತದೆ. ಮಕ್ಕಳಿಗೆ ಇದು ಇಂದ್ರಜಾಲ. ಆದರೆ ಕಾರಣ ಸ್ಪಷ್ಟವಾಗಿದೆ: ಎರಡು ಮೈಗಳೂ ಬಿಗಿದು ಚರ್ಮದಂತಾಗಿರುತ್ತವೆ, ನಡುವೆ ಸಿಕ್ಕಿದ ನೀರು ಕೆಂಡದ ಕಾವಿಗೆ ಆವಿಯಾಗುತ್ತದೆ. ನೀರು ಆವಿಯಾದರೆ ಅದು ಬೇಡುವ ಸ್ಥಳ 1,600 ಪಟ್ಟಿಗೂ ಹೆಚ್ಚು. ಹೊರಗೆ ಹೋಗಲು ದಾರಿಯಿಲ್ಲದ ಆ ಆವಿಯೇ ರೊಟ್ಟಿಯನ್ನು ಎರಡು ಪದರವಾಗಿ ಬಿಡಿಸುತ್ತದೆ. ಎಲ್ಲಿಯಾದರೂ ಸೂಜಿಮೊನೆಯಷ್ಟು ತೂತಿದ್ದರೆ ಆವಿ ಅಲ್ಲಿಂದ ಜಾರಿಹೋಗಿ ರೊಟ್ಟಿ ಮಲಗಿಬಿಡುತ್ತದೆ.

ಕಡುಬಿಗಿಲ್ಲದ ಪರಿಮಳ ರೊಟ್ಟಿಗೆ ಎಲ್ಲಿಂದ ಬಂತು? ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿರುವ ಸಕಲೇಶಪುರದಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಹಬೆಯಲ್ಲಿ ಬೇಯುವ ಕಡುಬು ಆ ಮೇರೆಯನ್ನು ದಾಟಲಾರದು. ಕೆಂಡಕ್ಕೆ ಒಡ್ಡಿದ ರೊಟ್ಟಿಯ ಮೈ ಒಣಗಿ 140 ಡಿಗ್ರಿಗೂ ಮೇಲೇರುತ್ತದೆ. ಆ ಹೊಂಬಣ್ಣದ ಚುಕ್ಕೆಗಳೂ ಘಮವೂ ಹುಟ್ಟುವುದು ಅಲ್ಲಿ.

ಇಲ್ಲಿ ನಮ್ಮ ಭಾಷೆಯ ಒಂದು ಸೊಗಸನ್ನು ಗಮನಿಸಬೇಕು. ಅನ್ನ ಬೇಯಿಸುತ್ತೇವೆ, ಕಾಳು ಹುರಿಯುತ್ತೇವೆ, ವಡೆ ಕರಿಯುತ್ತೇವೆ; ರೊಟ್ಟಿಯನ್ನು ಮಾತ್ರ 'ಸುಡುತ್ತೇವೆ'. ಎಚ್ಚರ ತಪ್ಪಿದರೆ ಅದೇ ರೊಟ್ಟಿ 'ಸುಟ್ಟುಹೋಗುತ್ತದೆ'. ಸುಡುವುದಕ್ಕೂ ಸುಟ್ಟುಹೋಗುವುದಕ್ಕೂ ಧಾತು ಒಂದೇ; ನಡುವಣ ಅಂತರ ಎರಡು ಮೂರು ಕ್ಷಣ. ಆ ಕ್ಷಣವನ್ನು ಅರಿಯುವುದಕ್ಕೇ ಹದವೆಂದು ಹೆಸರು. ಅದನ್ನು ಪುಸ್ತಕದಿಂದ ಕಲಿಯಲಾಗದು; ಬಲ್ಲವರ ಪಕ್ಕದಲ್ಲಿ ಕುಳಿತು ಕಲಿಯಬೇಕು.

ರೊಟ್ಟಿಯ ಕೆಲಸಕ್ಕೆ ಮನೆಮಂದಿಯೆಲ್ಲ ಬೇಕೆನ್ನುವುದಕ್ಕೆ ಪ್ರೀತಿಯೊಂದೇ ಕಾರಣವಲ್ಲ. ವಸ್ತುವಿನ ಗುಣವೇ ಹಾಗಿದೆ. ಉಕ್ಕರಿಸಿದ ಹಿಟ್ಟು ಆರಿದರೆ ಬಿರುಸಾಗುತ್ತದೆ. ಊದಿದ ಪಿಷ್ಟ ತಣಿದಂತೆ ಮತ್ತೆ ಗಟ್ಟಿಕಟ್ಟುವುದು ಅದರ ಸ್ವಭಾವ. ಸುಟ್ಟ ರೊಟ್ಟಿಯೂ ಹಾಗೆಯೇ, ಹೊತ್ತು ಕಳೆದಂತೆ ಚಕ್ಕಳವಾಗುತ್ತದೆ. ಒಬ್ಬರೇ ನಾದಿ, ಲಟ್ಟಿಸಿ, ಮಗುಚಿ, ಕೆಂಡ ನೋಡಿಕೊಳ್ಳುವುದರೊಳಗೆ ಹಿಟ್ಟಿನ ಬಿಸಿ ಹೋಗಿರುತ್ತದೆ. ಒಬ್ಬರು ನಾದಲಿ, ಮಕ್ಕಳು ಉಂಡೆ ಕಟ್ಟಲಿ, ಒಬ್ಬರು ಲಟ್ಟಿಸಲಿ, ಒಬ್ಬರು ಕಾವಲಿಯ ಬಳಿ ಇರಲಿ. ಆಗಲೇ ರೊಟ್ಟಿಗೆ ನ್ಯಾಯ ದೊರೆಯುವುದು.

ಆದರೆ ನಡೆದುಬಂದದ್ದು ಹೀಗೆಯೇ ಎಂದು ನಾನು ಹೇಳಲಾರೆ. ನಾನು ಹುಡುಗನಾಗಿದ್ದಾಗ ನಾವೆಲ್ಲ ಒಲೆಯ ಮುಂದೆ ಸಾಲಾಗಿ ಕೂರುತ್ತಿದ್ದೆವು. ಉಬ್ಬಿದ ರೊಟ್ಟಿ ಒಂದೊಂದಾಗಿ ನಮ್ಮ ತಟ್ಟೆಗೆ ಬೀಳುತ್ತಿತ್ತು. ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಕುಳಿತಿದ್ದ ನಮ್ಮ ತಾಯಿ ಬಿಸಿ ರೊಟ್ಟಿ ತಿಂದದ್ದನ್ನು ನಾನು ಕಂಡ ನೆನಪಿಲ್ಲ. ಕೊನೆಗೆ ಉಳಿದ, ಉಬ್ಬದ, ಆರಿದ ರೊಟ್ಟಿಯೇ ಅವರ ಪಾಲು. ಅದನ್ನು ನಾವು ಯಾರೂ ವಿಚಾರಿಸಲಿಲ್ಲ. ಒಲೆಯ ಸುತ್ತಿನ ಸಂತೋಷವನ್ನು ಹೊಗಳುವ ನಾವು ಆ ಸಂತೋಷದ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಮರೆಯಬಾರದು.

ಈಗ ಹೊಗೆಯ ಕಷ್ಟ ಕಡಮೆಯಾಗಿದೆ. ಪಟ್ಟಣಗಳಲ್ಲಿ ಮೊದಲೇ ಇದ್ದ ಗ್ಯಾಸಿನ ಒಲೆ, 2016ರಲ್ಲಿ ಉಜ್ವಲ ಯೋಜನೆ ಆರಂಭವಾದ ಮೇಲೆ ಹಳ್ಳಿಯ ಬಡವರ ಮನೆಗೂ ಬರತೊಡಗಿತು. ಇದರಿಂದ ಹೆಂಗಸರ ಕಣ್ಣಿಗೂ ಎದೆಗೂ ಹಿತವೇ ಆಯಿತು. ಹೊಗೆಯೊಲೆಗಾಗಿ ಹಂಬಲಿಸುವುದು ವಿವೇಕವಲ್ಲ. ಕಾವಲಿಯಲ್ಲಿ ಬಿಗಿದ ರೊಟ್ಟಿಯನ್ನು ಉರಿಯ ಮೇಲಿರಿಸಿದ ಜಾಲರಿಗೆ ಹಾಕಿದರೆ ಅದೂ ಉಬ್ಬುತ್ತದೆ. ಹಳೆಯ ಕಾಫಿಗಿಡದ ಬೊಡ್ಡೆಯ ಕೆಂಡದ ಘಮ ಅದಕ್ಕಿರದು, ನಿಜ. ಆದರೆ ಒಲೆ ಬದಲಾದರೂ ಅದರ ಮುಂದೆ ಒಬ್ಬರೇ ನಿಲ್ಲುವುದು ಬದಲಾಗದಿದ್ದರೆ ಏನು ಸಾಧಿಸಿದಂತಾಯಿತು?

ನಮ್ಮ ಮನೆಯಲ್ಲಿ ಈಗ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಐದು ರೊಟ್ಟಿಗೊಮ್ಮೆ ಕೈ ಬದಲಾಗಬೇಕು. ಸುಡುವುದನ್ನು ಬಿಟ್ಟು ಎದ್ದವರಿಗೆ ಮುಂದಿನ ಉಬ್ಬಿದ ರೊಟ್ಟಿ. ನಾನು ಲಟ್ಟಿಸಿದ್ದು ಮೊದಮೊದಲು ಯಾವುದೋ ದೇಶದ ಭೂಪಟದಂತಿರುತ್ತಿತ್ತು, ಮಕ್ಕಳು ನಕ್ಕರು. ತೂತು ಬಿದ್ದು ಮಲಗಿದ ರೊಟ್ಟಿಗಳೂ ಎಷ್ಟೋ. ಅವನ್ನೂ ಎಲ್ಲರೂ ಹಂಚಿಕೊಂಡು ತಿಂದೆವು. ಓದುಗರೇ, ಮುಂದಿನ ಮಳೆಯ ಸಂಜೆ ನೀವೂ ಮಣೆ ಹಾಕಿಕೊಂಡು ಕುಳಿತು ನೋಡಿ. ಒಲೆಯ ಮುಂದಿರುವವರನ್ನು ಎಬ್ಬಿಸಿ, ತಟ್ಟೆಯ ಮುಂದೆ ಕೂರಿಸಿ, ನೀವು ಸುಟ್ಟ ಒಂದು ಬಿಸಿ ರೊಟ್ಟಿಯನ್ನು ಅವರಿಗೆ ಬಡಿಸಿ.